ಸಮವಲ್ಲದ ಸೇನೆಗಳ ಆಟ

ಶಿರಹಟ್ಟಿ ಮತ್ತು ಲಕ್ಷ್ಮೇಶ್ವರಗಳ ನಡುವಿನ ಮಾಗಡಿಯನ್ನು ಹೊರಗಿನವರು ಬಲ್ಲುದು ಅಲ್ಲಿಯ ಕೆರೆಗೆ ಚಳಿಗಾಲದಲ್ಲಿ ಬರುವ ಹೆಬ್ಬಾತುಗಳಿಂದ. ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ಆ ವಂಶದ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಚದುರಂಗವೂ ಇದೆ. ಯುದ್ಧವನ್ನು ಮಣೆಯ ಮೇಲಿಳಿಸಿ ಆಡುವುದು ನಮಗೆ ಹೊಸತಲ್ಲ.

ಚದುರಂಗದಲ್ಲಿ ಎರಡೂ ಸೇನೆಗಳು ಸರಿಸಮ. ಹಳ್ಳಿಯ ಕಟ್ಟೆಯ ಮೇಲೆ ಗೆರೆ ಎಳೆದು ಆಡುವ ಹುಲಿ-ಕುರಿ ಆಟದ ರೀತಿಯೇ ಬೇರೆ. ಸಾಮಾನ್ಯವಾಗಿ ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಲ್ಲದು; ಕುರಿಗೆ ಕೊಲ್ಲುವ ಶಕ್ತಿಯೇ ಇಲ್ಲ, ಒಂದರ ಬೆನ್ನಿಗೊಂದು ನಿಂತು ಹುಲಿಯ ದಾರಿ ಕಟ್ಟಬೇಕು. ಆದರೂ ಬಲ್ಲವರ ಕೈಯಲ್ಲಿ ಕುರಿಗಳು ಗೆಲ್ಲುತ್ತವೆ. ಪಂಡಿತರು ಚದುರಂಗಕ್ಕೆ ಕೊಟ್ಟ ಮರ್ಯಾದೆಯನ್ನು ಇದಕ್ಕೆ ಕೊಡಲಿಲ್ಲ; ನನಗಂತೂ ಇದೇ ಹೆಚ್ಚು ಜಾಣತನದ ಆಟವೆನಿಸುತ್ತದೆ.

ಈ ಎರಡೂ ಆಟಗಳಲ್ಲಿ ಸರದಿಯುಂಟು. ಎದುರಾಳಿ ಕಾಯಿ ನಡೆಸುವವರೆಗೆ ನಾವು ಕೈಕಟ್ಟಿ ಕೂರಬೇಕು. ಗಣಕಯಂತ್ರ ಆ ನಿಯಮವನ್ನು ತೆಗೆದುಹಾಕಿತು. 1992ರಲ್ಲಿ ಅಮೆರಿಕದ ವೆಸ್ಟ್‌ವುಡ್ ಸಂಸ್ಥೆ ಹೊರತಂದ 'ಡ್ಯೂನ್ 2' ಆಟದಲ್ಲಿ ಸಂಪತ್ತು ಕೂಡಿಸುವುದು, ನೆಲೆ ಕಟ್ಟುವುದು, ದಂಡೆತ್ತಿ ಹೋಗುವುದು ಎಲ್ಲವೂ ಒಟ್ಟೊಟ್ಟಿಗೆ, ಗಡಿಯಾರದ ಜೊತೆಗೇ ನಡೆಯುತ್ತಿದ್ದವು. ಆದರೆ ಅಲ್ಲಿಯ ಮೂರು ಮನೆತನಗಳ ಪಡೆಗಳು ಬಹುಮಟ್ಟಿಗೆ ಒಂದೇ ಬಗೆಯವು.

1998ರ ಮಾರ್ಚ್ 31ರಂದು ಬ್ಲಿಝರ್ಡ್ ಸಂಸ್ಥೆಯ 'ಸ್ಟಾರ್‌ಕ್ರಾಫ್ಟ್' ಬಂದಾಗ ಈ ಸ್ಥಿತಿ ಬದಲಾಯಿತು. ದೂರದ ನಕ್ಷತ್ರಲೋಕದಲ್ಲಿ ಮೂರು ಜನಾಂಗಗಳ ಕಾದಾಟ ಅದರ ಕಥೆ. ಜರ್ಗ್ ಎಂಬ ಹುಳುಗಳಂಥ ಜೀವಿಗಳು ಅಗ್ಗವಾಗಿ, ಹಿಂಡುಹಿಂಡಾಗಿ ಹುಟ್ಟುತ್ತವೆ. ಪ್ರೋಟಾಸ್ ಯೋಧರು ಕೆಲವರೇ, ದುಬಾರಿ, ಆದರೆ ಬಲಿಷ್ಠರು. ಟೆರಾನ್ ಎಂಬ ಮಾನವರು ತಮ್ಮ ಕೆಲವು ಕಟ್ಟಡಗಳನ್ನೇ ಎತ್ತಿ ಹಾರಿಸಿಕೊಂಡು ಹೋಗಬಲ್ಲರು. ಹುಲಿ-ಕುರಿಯಂತೆ ಇಲ್ಲಿಯೂ ಯಾರೂ ಯಾರಿಗೂ ಸಮನಲ್ಲ, ಆದರೂ ಯಾರು ಬೇಕಾದರೂ ಗೆಲ್ಲಬಹುದು. ಈ ತೂಕ ಸರಿಹೊಂದಿಸುವುದೇ ಕಷ್ಟದ ಕೆಲಸ. ಸಂಸ್ಥೆ ಪಡೆಗಳ ಬಲಾಬಲವನ್ನು 2001ರವರೆಗೆ ತಿದ್ದಿ ಕೈಬಿಟ್ಟಿತು. ಆ ಬಳಿಕ ಹೊಸ ತಂತ್ರ ಹುಡುಕಿದವರು ಆಟಗಾರರು, ಹೊಸ ರಣಭೂಮಿಗಳನ್ನು ರೂಪಿಸಿ ತೂಕ ಕಾದವರು ಪಂದ್ಯ ನಡೆಸುವವರು.

ಅದು ಬೇರುಬಿಟ್ಟ ನೆಲ ದಕ್ಷಿಣ ಕೊರಿಯಾ. 1997ರ ಕೊನೆಗೆ ಆ ದೇಶ ತೀವ್ರ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿತ್ತು. ಕೆಲಸ ಕಳೆದುಕೊಂಡ ಕೆಲವರು 'ಪಿಸಿ ಬಾಂಗ್' ಎಂಬ, ಗಂಟೆಗಿಷ್ಟು ಬಾಡಿಗೆಗೆ ಗಣಕಯಂತ್ರ ಕೊಡುವ ಅಂಗಡಿ ತೆರೆದರು. ಅಲ್ಲಿ ಹುಡುಗರು ಕಲಿತ ಆಟ ಬಹುಬೇಗ ಕೇಬಲ್ ದೂರದರ್ಶನಕ್ಕೆ ಏರಿತು. 2000ದಲ್ಲಿ ಆರಂಭವಾದ ಆನ್‌ಗೇಮ್‌ನೆಟ್ ವಾಹಿನಿಯಲ್ಲಿ, ನಮ್ಮಲ್ಲಿ ಕ್ರಿಕೆಟ್‌ಗೆ ಇರುವಂತೆ, ವೀಕ್ಷಕ ವಿವರಣೆಕಾರರು ಕೂತರು. 2004ರಲ್ಲಿ ಬೂಸಾನ್ ನಗರದ ಕಡಲತೀರದಲ್ಲಿ ನಡೆದ ಅಂತಿಮ ಪಂದ್ಯ ನೋಡಲು ಸುಮಾರು 1 ಲಕ್ಷ ಜನ ನೆರೆದಿದ್ದರೆಂದು ವರದಿಯಾಯಿತು. 2010ರಲ್ಲಿ ಹಣ ಪಡೆದು ಪಂದ್ಯ ಸೋತ ಆಟಗಾರರ ಪ್ರಕರಣ ಹೊರಬಿತ್ತು. ಕೆಲವರನ್ನು ಆಟದಿಂದಲೇ ಹೊರಹಾಕಲಾಯಿತು. ಕ್ರಿಕೆಟ್ ಪ್ರಿಯರಿಗೆ ಈ ನೋವನ್ನು ವಿವರಿಸಬೇಕಿಲ್ಲ.

ಅಷ್ಟಾದರೂ ಆಟ ಉಳಿಯಿತು. 2017ರಲ್ಲಿ ಹಳೆಯ ಆವೃತ್ತಿಯನ್ನು ಉಚಿತವಾಗಿ ಕೊಡಲಾಯಿತು. ಅದೇ ವರ್ಷ ಚಿತ್ರ, ಧ್ವನಿಗಳನ್ನು ಹೊಸದಾಗಿಸಿ ಮತ್ತೊಂದು ಆವೃತ್ತಿ ಬಂತು. ಮೂರು ಜನಾಂಗಗಳ ಬಲಾಬಲವನ್ನು ಮಾತ್ರ ಅದರಲ್ಲಿಯೂ ಮುಟ್ಟಲಿಲ್ಲ.