ಕೂಸಿನ ಹಟಾ, ನಮ್ಮ ಕಲಿಕಿ

ಅಕ್ಕಾ, ಕೂಸು ಅಂಗಡಿ ಮುಂದ ಹೊರಳಾಡಿದಾಗ ಬೈದು, ಸಾಕಾಗಿ, ಕಡೀಕ ಪೆಪ್ಪರ್‌ಮಿಂಟ್ ಕೊಡಿಸ್ತೀವಲ್ಲ? ಅತ್ರ ಸಿಗತದ ಅಂತ ಕಲಿಸಿದವ್ರು ನಾವ. ಅಮೆರಿಕದ ಓರೆಗಾನ್‌ನಾಗ ಜೆರಾಲ್ಡ್ ಪ್ಯಾಟರ್ಸನ್ ಅನ್ನೋರು ಮನಿಮನ್ಯಾಗ ಇದನ್ನ ನೋಡಿ 1982ರಾಗ ಪುಸ್ತಕ ಬರದ್ರು. ತಾಯಿ-ತಂದಿಗೆ ವಿಡಿಯೋ ತೋರಿಸಿ ಕಲಿಸೋ ಪಾಠನೂ ಬಂದ್ವು.

ಖರೇ, ಒಬ್ಬರ ಅಳತಿಗೆ ಹೊಲಿದ ಕುಬಸ ಎಲ್ಲಾರಿಗೂ ಕೂಡ್ರೂದಿಲ್ಲ. ಅದಕ್ಕ 2002ರಾಗ ಶಿಕಾಗೋದ ಡೆಬೊರಾ ಗ್ರಾಸ್ ಮತ್ತ ಅವರ ಜೋಡಿನವ್ರು ಆಫ್ರಿಕನ್-ಅಮೆರಿಕನ್, ಲ್ಯಾಟಿನೋ ತಾಯಿ-ತಂದಿಗಳ ಸಲಹಾ ಕೇಳಿ 12 ಪಾಠ ಕಟ್ಟಿದ್ರು: ಕೂಸಿನ ಜೋಡಿ ಆಡೂದು, ಒಳ್ಳೇದಕ್ಕ ಶಾಬಾಸ್ ಅನ್ನೂದು, ಹೇಳಿದ ಮಾತಿಗೆ ನಿಲ್ಲೂದು.

ನಮ್ಮನ್ಯಾಗ ನಾ ನಿಂತ್ರೂ ಅತ್ತಿ ಸೆರಗಿನ ಮರೀಗೆ ಬೆಲ್ಲ ಕೊಡತಾರ. ಆ ಸಿಟ್ಟಿಗೆ ಮೊನ್ನೆ ಕೂಸಿನ ಮ್ಯಾಲೆ ಕೈ ಎತ್ತಿದೆ. ಶಿಕಾಗೋದವ್ರು ತಾಯಂದಿರನ್ನ ಕೇಳಿದಂಗ, ನಾ ಮೊದಲು ಅತ್ತೀನ್ನ ಕೇಳಬೇಕಾಗಿತ್ತು.