ಒಂದು ಉಪ್ಪಿನ ಕಥೆ: ಮನಸ್ಸಿನ ಕಾಯಿಲೆಗೆ ಮದ್ದು ಸಿಕ್ಕಿದ ಬಗೆ



ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಬಂದರೆ ನೆರೆಹೊರೆಯವರಿಗೆ ಹೇಳುತ್ತೇವೆ. ಮನಸ್ಸಿನ ಕಾಯಿಲೆ ಬಂದರೆ ಮಾತ್ರ ಮುಚ್ಚಿಡುತ್ತೇವೆ. 'ಸೋಮಾರಿತನ', 'ಪ್ರಾರ್ಥನೆ ಸಾಲದು' ಎಂದುಬಿಡುತ್ತೇವೆ. ಇದು ಎಷ್ಟು ತಪ್ಪೆಂದು ವೈದ್ಯಕೀಯ ಇತಿಹಾಸದ ಒಂದು ಘಟನೆ ತಿಳಿಸುತ್ತದೆ.

ಎರಡು ವಾರಕ್ಕೂ ಮೀರಿದ ಬೇಸರ, ನಿದ್ದೆ ಹಸಿವು ಕೆಡುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬದುಕೇ ಬೇಡವೆನಿಸುವುದು ಖಿನ್ನತೆಯ ಲಕ್ಷಣಗಳು. ಬೈಪೋಲಾರ್ ಕಾಯಿಲೆಯಲ್ಲಿ ಇದರ ಜೊತೆಗೆ ಇನ್ನೊಂದು ತುದಿಯೂ ಇದೆ. ನಿದ್ದೆಯಿಲ್ಲದಿದ್ದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ಹಣ ನೀರಿನಂತೆ ಖರ್ಚಾಗುತ್ತದೆ. 1899ರಲ್ಲಿ ಜರ್ಮನಿಯ ಎಮಿಲ್ ಕ್ರೇಪೆಲಿನ್ ಈ ಏರಿಳಿತಗಳನ್ನು ಒಂದೇ ಕಾಯಿಲೆಯೆಂದು ಗುರುತಿಸಿದರು. ಆದರೆ ಸರಿಯಾದ ಔಷಧಿ ಇರಲಿಲ್ಲ.

ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರದ ಚಾಂಗಿ ಶಿಬಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಯುದ್ಧಕೈದಿಯಾಗಿದ್ದರು. ಮನೋರೋಗಕ್ಕೆ ದೇಹದಲ್ಲೇ ಕಾರಣವಿರಬಹುದು ಎಂಬುದು ಅವರ ನಂಬಿಕೆ. ಊರಿಗೆ ಮರಳಿ, ಮೆಲ್ಬರ್ನ್ ಬಳಿಯ ಬುಂಡೂರ ಆಸ್ಪತ್ರೆಯ ಬಳಕೆಯಲ್ಲಿಲ್ಲದ ಅಡುಗೆಕೋಣೆಯಲ್ಲಿ ಗಿನಿಪಿಗ್‌ಗಳ ಮೇಲೆ ಪ್ರಯೋಗಕ್ಕಿಳಿದರು. ಲಿಥಿಯಂನ ಲವಣ ಕೊಟ್ಟಾಗ ಅವು ಶಾಂತವಾದವು. ಕೇಡ್ ಮೊದಲು ತಾವೇ ಅದನ್ನು ಸೇವಿಸಿ ನೋಡಿದರು. 1948ರಲ್ಲಿ, ಐದು ವರ್ಷಗಳಿಂದ ಉದ್ರೇಕದಲ್ಲಿದ್ದ 51 ವರ್ಷದ ರೋಗಿಗೆ ಕೊಟ್ಟರು. ಕೆಲವು ತಿಂಗಳಲ್ಲಿ ಆತ ಮನೆಗೆ ಹೋದ! 1949ರಲ್ಲಿ ಕೇಡ್ ಈ ವರದಿ ಪ್ರಕಟಿಸಿದರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಆ ರೋಗಿ ಔಷಧಿ ನಿಲ್ಲಿಸಿದ, ಕಾಯಿಲೆ ಮರಳಿತು. ಮತ್ತೆ ಚಿಕಿತ್ಸೆ ಶುರುವಾಯಿತು, ಆದರೆ 1950ರಲ್ಲಿ ಲಿಥಿಯಂ ವಿಷವಾಗಿ ಆತ ತೀರಿಕೊಂಡ. ಮಿತಿ ಮೀರಿದರೆ ಮದ್ದೇ ವಿಷ. ಮುಂದೆ ಡೆನ್ಮಾರ್ಕಿನ ಮೊಗೆನ್ಸ್ ಶೌ ಕ್ರಮಬದ್ಧ ಪರೀಕ್ಷೆಗಳಿಂದ ಇದರ ಗುಣವನ್ನು ತೋರಿಸಿದರು. ರಕ್ತಪರೀಕ್ಷೆಯಿಂದ ಪ್ರಮಾಣ ನೋಡುವ ಪದ್ಧತಿಯೂ ಬಂತು. 1970ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಇಂದಿಗೂ ಲಿಥಿಯಂ ಮುಖ್ಯ ಔಷಧಿ.

ಈ ಕಾಯಿಲೆಗಳಿಗೆ ವಂಶವಾಹಿ, ಮೆದುಳಿನ ರಾಸಾಯನಿಕ ವ್ಯತ್ಯಾಸ, ಬದುಕಿನ ಆಘಾತ ಎಲ್ಲವೂ ಸೇರಿ ಕಾರಣವಾಗುತ್ತವೆ. ಯಾರ ಪಾಪವೂ ಅಲ್ಲ. ಔಷಧಿಯೊಂದಿಗೆ ಆಪ್ತ ಸಮಾಲೋಚನೆ, ಮನೆಯವರ ತಾಳ್ಮೆ ಬೇಕು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ಹೆಚ್ಚಿಸಬೇಡಿ.

ನಿಮಗೋ ಗೆಳೆಯರಿಗೋ ಬದುಕು ಬೇಡವೆನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕಾಸರಗೋಡಿನಲ್ಲಿರಲಿ, ಸೊಲ್ಲಾಪುರದಲ್ಲಿರಲಿ, ಅದು ಹಗಲಿರುಳೂ ಉಚಿತ. ಒಬ್ಬರನ್ನೇ ಬಿಡಬೇಡಿ, ಜೊತೆಗೆ ಕೂತು ಕೇಳಿಸಿಕೊಳ್ಳಿ.