ಲಂಕೆ ದಿವಾಳಿಯಾದ ವರ್ಷ ಪ್ರವಾಸ ಹೋದವರಿಗೆ ಏನಾಯಿತು?

ಪಕ್ಕದ ದೇಶದಲ್ಲಿ ಪೆಟ್ರೋಲಿಗೆ ಕ್ಯೂ, ರಸ್ತೆಯಲ್ಲಿ ಜನ, ಟಿವಿಯಲ್ಲಿ ಬೆಂಕಿಯ ಚಿತ್ರ. ಇಂಥ ಹೊತ್ತಲ್ಲಿ ಅಲ್ಲಿಗೆ ಪ್ರವಾಸ ಹೊರಟವರು ಏನು ಮಾಡಬೇಕು? ಅಡ್ವಾನ್ಸ್ ಕಟ್ಟಿಯಾಗಿದೆ, ಹೋಗೋದೋ ಬಿಡೋದೋ? ಈಗ ನಮ್ಮ ಹಳ್ಳಿಗಳಿಂದಲೂ ಗುಂಪು ಕಟ್ಟಿಕೊಂಡು ವಿದೇಶ ನೋಡಿ ಬರುವವರಿದ್ದಾರೆ. ಆದ್ದರಿಂದ ಇದು ಪಟ್ಟಣದವರ ಪ್ರಶ್ನೆ ಮಾತ್ರ ಅಲ್ಲ. ಇದಕ್ಕೆ ಉತ್ತರ ಹುಡುಕಲು 2022ರ ಶ್ರೀಲಂಕಾಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಲಂಕೆಗೆ ಡಾಲರ್ ಬರುತ್ತಿದ್ದ ದೊಡ್ಡ ದಾರಿಗಳಲ್ಲಿ ಪ್ರವಾಸೋದ್ಯಮವೂ ಒಂದು. 2018ರಲ್ಲಿ 23 ಲಕ್ಷಕ್ಕೂ ಹೆಚ್ಚು ವಿದೇಶಿಯರು ಬಂದಿದ್ದರು. ಅವರಿಂದ ದೇಶಕ್ಕೆ ಸಿಕ್ಕಿದ್ದು ಸುಮಾರು 440 ಕೋಟಿ ಡಾಲರ್. 2019ರ ಏಪ್ರಿಲ್ 21ರಂದು, ಈಸ್ಟರ್ ಭಾನುವಾರ, ಚರ್ಚು ಮತ್ತು ಹೋಟೆಲುಗಳಲ್ಲಿ ಬಾಂಬ್ ಸಿಡಿದವು. ಅದರ ಹಿಂದೆಯೇ ಕೊರೊನಾ ಬಂತು. 2021ರಲ್ಲಿ ಬಂದ ಪ್ರವಾಸಿಗರು ಎರಡು ಲಕ್ಷವೂ ಇಲ್ಲ.

ಆಳುವವರ ತಪ್ಪುಗಳೂ ಸೇರಿಕೊಂಡವು. 2019ರ ಕೊನೆಯಲ್ಲಿ ತೆರಿಗೆ ಇಳಿಸಿದರು, ಬೊಕ್ಕಸ ಬರಿದಾಯಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿದರು. ಯೂರಿಯಾ ಸಿಗದ ರೈತನ ಪಾಡು ನಮ್ಮ ಓದುಗರಿಗೆ ಹೇಳಬೇಕಿಲ್ಲ. ಭತ್ತ, ಚಹಾ ಎರಡರ ಇಳುವರಿಯೂ ಕುಸಿಯಿತು. ಕೆಲವೇ ತಿಂಗಳಲ್ಲಿ ಸರ್ಕಾರ ಹಿಂದೆ ಸರಿದರೂ ನಷ್ಟ ಆಗಿಹೋಗಿತ್ತು.

2022ರ ಮಾರ್ಚ್ ಶುರುವಿನಲ್ಲಿ ಒಂದು ಡಾಲರಿಗೆ ಸುಮಾರು 200 ಲಂಕಾ ರೂಪಾಯಿ ಇತ್ತು, ಮೇ ಹೊತ್ತಿಗೆ 360ರ ಆಸುಪಾಸು. ಏಪ್ರಿಲ್ 12ರಂದು ಸರ್ಕಾರ ವಿದೇಶಿ ಸಾಲದ ಕಂತು ಕಟ್ಟಲಾಗದು ಎಂದು ಕೈಚೆಲ್ಲಿತು. ಗ್ಯಾಸ್ ಸಿಲಿಂಡರ್, ಹಾಲಿನ ಪುಡಿ, ಸೀಮೆಎಣ್ಣೆ, ಎಲ್ಲದಕ್ಕೂ ಸಾಲು. ಆಸ್ಪತ್ರೆಗಳಲ್ಲಿ ಔಷಧಿಯ ಕೊರತೆ. ಕೊಲಂಬೊದ ಕಡಲ ತೀರದ ಗಾಲ್ ಫೇಸ್ ಮೈದಾನದಲ್ಲಿ ಜನ ಟೆಂಟ್ ಹಾಕಿ ಕುಳಿತರು. ಜುಲೈ 9ರಂದು ಅಧ್ಯಕ್ಷರ ನಿವಾಸಕ್ಕೇ ನುಗ್ಗಿದರು. ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋಗಿ ರಾಜೀನಾಮೆ ಕೊಟ್ಟರು.

ಇಷ್ಟೆಲ್ಲ ನೋಡಿದ ಮೇಲೆ ಯಾರು ಹೋಗುತ್ತಾರೆ? ಮಾರ್ಚ್‌ನಲ್ಲಿ ಒಂದು ಲಕ್ಷ ದಾಟಿದ್ದ ಪ್ರವಾಸಿಗರ ಸಂಖ್ಯೆ ಮೇನಲ್ಲಿ 30 ಸಾವಿರಕ್ಕೆ ಇಳಿಯಿತು. ಮಳೆಗಾಲದಲ್ಲಿ ಅಲ್ಲಿ ಜನ ಕಡಿಮೆಯೇ, ಆದರೆ ಈ ಇಳಿಕೆಗೆ ಮಳೆಯೊಂದೇ ಕಾರಣ ಅಲ್ಲ. ಬ್ರಿಟನ್ ತನ್ನ ಪ್ರಜೆಗಳಿಗೆ ಅನಿವಾರ್ಯವಿಲ್ಲದಿದ್ದರೆ ಹೋಗಬೇಡಿ ಎಂದಿತು.

ಆದರೂ ಹೋದವರು ಇದ್ದರು. ಎಲ್ಲರಿಗೂ ನೆನಪಿರಬಹುದಾದ ಉದಾಹರಣೆ ಆಸ್ಟ್ರೇಲಿಯಾ ಕ್ರಿಕೆಟ್ ತಂಡ. ಜೂನ್, ಜುಲೈ ತಿಂಗಳಲ್ಲೇ ಬಂದು ಟಿ20, ಏಕದಿನ, ಟೆಸ್ಟ್ ಮೂರನ್ನೂ ಆಡಿ ಹೋಯಿತು. ಕೊಲಂಬೊದಲ್ಲಿ ಕೊನೆಯ ಏಕದಿನ ಪಂದ್ಯಕ್ಕೆ ಲಂಕೆಯ ಜನ ಎದುರಾಳಿಯ ಹಳದಿ ಬಣ್ಣದ ಬಟ್ಟೆ ಹಾಕಿಕೊಂಡು ಬಂದಿದ್ದರು. ಕಷ್ಟದಲ್ಲಿ ನಮ್ಮ ಮನೆಗೆ ಬಂದಿರಿ ಎಂಬ ಕೃತಜ್ಞತೆ ಅದು. ಜುಲೈ 9ರಂದು ಗಾಲೆಯಲ್ಲಿ ಟೆಸ್ಟ್ ನಡೆಯುತ್ತಿರುವಾಗ ಪಕ್ಕದ ಕೋಟೆಯ ಮೇಲೆ ಪ್ರತಿಭಟನಾಕಾರರು ಘೋಷಣೆ ಕೂಗುತ್ತಿದ್ದರು, ಆಟ ಮಾತ್ರ ನಿಲ್ಲಲಿಲ್ಲ. ಆದರೆ ಅದೇ ವರ್ಷ ಲಂಕೆಯಲ್ಲಿ ನಡೆಯಬೇಕಿದ್ದ ಏಷ್ಯಾ ಕಪ್ ಯುಎಇಗೆ ಹೋಯಿತು. ಅದರೊಂದಿಗೆ ಬರಬೇಕಿದ್ದ ಅಭಿಮಾನಿಗಳೂ ಡಾಲರೂ ಹೋದವು.

ಜನರ ಸಿಟ್ಟು ಆಳುವವರ ಮೇಲಿತ್ತು, ಪ್ರವಾಸಿಗರ ಮೇಲಲ್ಲ. ಹಾಗಂತ ಅಪಾಯವೇ ಇರಲಿಲ್ಲ ಎನ್ನುವಂತಿಲ್ಲ. ಮೇ 9ರಂದು ಹಿಂಸೆ ಭುಗಿಲೆದ್ದು ರಾಜಕಾರಣಿಗಳ ಮನೆಗಳು ಸುಟ್ಟವು, ದೇಶಕ್ಕೆಲ್ಲ ಕರ್ಫ್ಯೂ ಬಿತ್ತು. ಜೂನ್ ಕೊನೆಯಿಂದ ಸುಮಾರು ಎರಡು ವಾರ ತುರ್ತು ಸೇವೆಯ ವಾಹನ ಬಿಟ್ಟು ಬೇರೆಯವಕ್ಕೆ ಪೆಟ್ರೋಲ್, ಡೀಸೆಲ್ ಕೊಡಲಿಲ್ಲ. ಅಂಥ ದಿನ ಬೆಟ್ಟದ ಮೇಲಿನ ನುವಾರ ಎಲಿಯದಲ್ಲಿ ವಯಸ್ಸಾದವರಿಗೆ ಎದೆನೋವು ಬಂದರೆ ಗತಿ? ಕ್ರಿಕೆಟ್ ತಂಡದ ಜತೆ ಡಾಕ್ಟರ್ ಇರುತ್ತಾರೆ, ಪೊಲೀಸ್ ಕಾವಲು ಇರುತ್ತದೆ. ನಮ್ಮ ಗುಂಪಿನ ಜತೆ ಇರುವುದು ಮಾತ್ರೆ ಡಬ್ಬಿ ಅಷ್ಟೇ.

ಬೇರೆ ದೇಶಗಳ ಚರಿತ್ರೆಯೂ ಒಂದೇ ಥರ ಇಲ್ಲ. 2015ರ ಜೂನ್ ಕೊನೆಯಲ್ಲಿ ಗ್ರೀಸ್ ದೇಶದ ಬ್ಯಾಂಕುಗಳು ಬಾಗಿಲು ಹಾಕಿದವು. ಅಲ್ಲಿನವರು ಎಟಿಎಂನಿಂದ ದಿನಕ್ಕೆ 60 ಯೂರೊ ಮಾತ್ರ ತೆಗೆಯಬಹುದಿತ್ತು. ವಿದೇಶಿ ಕಾರ್ಡಿಗೆ ಈ ಮಿತಿ ಇರಲಿಲ್ಲ. ಆ ವರ್ಷ ಗ್ರೀಸಿಗೆ ಹೋದ ಪ್ರವಾಸಿಗರು ಹಿಂದಿನ ವರ್ಷಕ್ಕಿಂತ ಹೆಚ್ಚು, ಎರಡು ಕೋಟಿ ಮೀರಿ.

ಇಂಡೋನೇಷ್ಯಾದ ಕಥೆ ಬೇರೆ. 1997ರಲ್ಲಿ ಥಾಯ್ಲೆಂಡಿನಿಂದ ಶುರುವಾದ ಹಣದ ಬಿಕ್ಕಟ್ಟು ಅಲ್ಲಿಗೂ ಹಬ್ಬಿತು. 1998ರ ಮೇ ತಿಂಗಳಲ್ಲಿ ಜಕಾರ್ತದಲ್ಲಿ ಗಲಭೆಯಾಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಚೀನೀ ಮೂಲದವರ ಅಂಗಡಿ, ಮನೆಗಳನ್ನು ಹುಡುಕಿ ಸುಟ್ಟರು. ವಿದೇಶಿಯರು ವಿಮಾನ ಹಿಡಿದು ಓಡಿದರು. ಅದೇ ದೇಶದ ಬಾಲಿ ದ್ವೀಪದಲ್ಲಿ ಅಂಥ ಗಲಭೆ ಇರಲಿಲ್ಲ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟ: ದುಡ್ಡಿನ ಕಷ್ಟ ಬೇರೆ, ಬೀದಿಯ ಬೆಂಕಿ ಬೇರೆ. ಮೊದಲನೆಯದು ಪ್ರವಾಸ ಬಿಡಲು ಕಾರಣ ಅಲ್ಲ. ಎರಡನೆಯದು ಹೌದು. ಟಿವಿ ಮಾತ್ರ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಸಣ್ಣವು. ನಾವು ಹೋಗುವ ಊರಿನಲ್ಲಿ ಗಲಾಟೆ ಇದೆಯೋ, ರಾಜಧಾನಿಯಲ್ಲಿ ಮಾತ್ರವೋ? ವಾಹನಕ್ಕೆ ಡೀಸೆಲ್ ಸಿಗುತ್ತದೆಯೇ? ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಪೂರಾ ದಿನಕ್ಕೆ ಕೈಯಲ್ಲಿದೆಯೇ? ನಮ್ಮ ವಿದೇಶಾಂಗ ಇಲಾಖೆ ಏನು ಹೇಳಿದೆ? ಟಿಕೆಟ್ ರದ್ದಾದರೆ ಎಷ್ಟು ವಾಪಸ್ ಬರುತ್ತದೆ ಎಂಬುದು ಬಾಯಿಮಾತೋ, ಬರಹದಲ್ಲಿದೆಯೋ? ಕೊನೆಯದನ್ನು ದುಡ್ಡು ಕೊಡುವ ಮೊದಲೇ ಕೇಳಬೇಕು.

ಉತ್ತರ ಸರಿ ಬರದಿದ್ದರೆ ರದ್ದು ಮಾಡುವುದಕ್ಕಿಂತ ಮುಂದೂಡುವುದು ಒಳ್ಳೆಯದು. ಬೀದಿಯ ಬೆಂಕಿ ಬೇಗ ಆರುತ್ತದೆ, ನಮ್ಮ ಭಯ ಆರುವುದು ತಡ. ಬ್ರಿಟನ್ ಆಗಸ್ಟ್‌ನಲ್ಲೇ ತನ್ನ ಎಚ್ಚರಿಕೆ ವಾಪಸ್ ಪಡೆಯಿತು. ಆದರೂ ಲಂಕೆಯ ಪ್ರವಾಸಿಗರ ಸಂಖ್ಯೆ ಮತ್ತೆ 20 ಲಕ್ಷ ದಾಟಲು 2024 ಬರಬೇಕಾಯಿತು.

ಆ ನಡುವಿನ ದಿನಗಳಲ್ಲಿ ಬಾಡಿಗೆ ಇಲ್ಲದೆ ಕುಳಿತ ಆಟೋದವನು, ಖಾಲಿ ಕೋಣೆಯ ಲಾಡ್ಜ್ ಮಾಲೀಕ, ಎಳನೀರು ಮಾರುವ ಹೆಂಗಸು, ಇವರ್‍ಯಾರೂ ದೇಶದ ಸಾಲ ಮಾಡಿದವರಲ್ಲ. ಪ್ರವಾಸಿ ಬಾರದಿದ್ದರೆ ಡಾಲರ್ ಇಲ್ಲ, ಡಾಲರ್ ಇಲ್ಲದಿದ್ದರೆ ಡೀಸೆಲ್ ಇಲ್ಲ, ಡೀಸೆಲ್ ಇಲ್ಲವೆಂದು ಪ್ರವಾಸಿ ಬರುವುದಿಲ್ಲ. ಈ ಸುತ್ತನ್ನು ಎಲ್ಲೋ ಒಂದು ಕಡೆ ಯಾರಾದರೂ ಮುರಿಯಲೇಬೇಕು. ವಿಚಾರಿಸಿಕೊಂಡು, ಸರಿಯಾದ ಹೊತ್ತು ನೋಡಿ ಹೋಗುವ ಪ್ರವಾಸಿ ಅದನ್ನು ಒಂದಿಷ್ಟಾದರೂ ಮುರಿಯುತ್ತಾನೆ.